ಉಗುಳುವ ಅನ್ಸೆಲ್ಮ್
ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ನಾವು ದುಡಿಯುವ ದ್ರಾಕ್ಷಿತೋಟದ ನೆಲಮಾಳಿಗೆಯಲ್ಲಿ ಅನ್ಸೆಲ್ಮ್ ನಲವತ್ತು ವರ್ಷದಿಂದ ವೈನಿನ ರುಚಿ ಪರೀಕ್ಷಿಸಲು ಬಾಯಲ್ಲಾಡಿಸಿ ಉಗುಳುತ್ತಿದ್ದಾನೆ; ಉಗುಳಿದ್ದನ್ನೆಲ್ಲ ಕೂಡಿಟ್ಟಿದ್ದರೆ ಅದರಲ್ಲಿ ದೋಣಿ ತೇಲಿಸಬಹುದಿತ್ತು. ಯಾವ ಪೀಪಾಯಿಗಾದರೂ ಅವನದು ಒಂದೇ ತೀರ್ಪು: “ಇನ್ನೂ ಎಳಸು, ಮುಚ್ಚಿಡಿ.” ಬಂದವರಿಗೆಲ್ಲ ಧಣಿಗಳ ಮನೆತನದ ಮುನ್ನೂರು ವರ್ಷದ ಚರಿತ್ರೆಯನ್ನು ಆಕಳಿಸುತ್ತಲೇ ಒಪ್ಪಿಸುತ್ತಾನೆ, ಹಿಮ ಬಿದ್ದು ಚಿಗುರು ಕರಕಲಾದ ಒಂದು ವರ್ಷವನ್ನು ಮಾತ್ರ ಹಾರಿಸಿ. ಯಾರಾದರೂ ಕೆದಕಿದರೆ, “ಆ ವರ್ಷದ್ದು ಬರೀ ಹುಳಿನೀರು ಸ್ವಾಮಿ, ಧಣಿಗಳು ಅದಕ್ಕೆ ಮನೆತನದ ಚೀಟಿ ಅಂಟಿಸೋಕೇ ಬಿಡ್ಲಿಲ್ಲ” ಎನ್ನುತ್ತಾನೆ. ಚೀಟಿಯಿಲ್ಲದ ಆ ಬಾಟಲಿಗಳನ್ನು ತನ್ನ ಮನೆಗೆ ಹೊತ್ತೊಯ್ದವನೂ ಅವನೇ. ಮೊನ್ನೆ ಭಾನುವಾರ ಊಟಕ್ಕೆ ಕರೆದು ಅದರಲ್ಲೇ ನನಗೂ ಒಂದು ಲೋಟ ಬಗ್ಗಿಸಿದ. ನಾನು ಮುಖ ಹಿಂಡಿದೆ. “ಹುಳೀನೇ ಕಣಯ್ಯಾ. ನನ್ನ ಹೆಂಡ್ತಿ ಸಾಯೋಕೆ ಮುಂಚೆ ಕೊಯ್ದ ಕೊನೇ ದ್ರಾಕ್ಷಿ ಇದು” ಎಂದವನು, ತಾನೂ ಒಂದು ಗುಟುಕು ಹೀರಿ, ಬಾಯಲ್ಲಿ ಬಹಳ ಹೊತ್ತು ಆಡಿಸಿ, ನುಂಗಿದ.