ಹಸಿ ಗೋಣಿಚೀಲದ ಹಿಂದಿನ ಮೀನುಗಳು

ಎಪ್ಪತ್ತರ ದಶಕದ ಕೊನೆಯಲ್ಲಿ, ಮಾನ್ವಿಯಲ್ಲಿ ಗುಮಾಸ್ತನಾಗಿದ್ದಾಗ, ಹೈದರಾಬಾದಿನಿಂದ ಆರು ಬಣ್ಣದ ಮೀನು ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟಿದ್ದೆ. ಜೊತೆಗೆ ಕೊಂಡ ಪುಸ್ತಕದ ತುಂಬ ನೀರನ್ನು ಬೆಚ್ಚಗಿಡುವ ಉಪಾಯಗಳೇ! ನಮ್ಮ ಬೇಸಿಗೆಯಲ್ಲಿ ನೀರು ತಾನಾಗಿಯೇ ಕಾಯುತ್ತಿತ್ತು. ಎರಡು ಮೀನು ಸತ್ತವು. ಹೆದರಿಹೋದೆ. ಕುಡಿಯುವ ನೀರಿನ ಕೊಡಕ್ಕೆ ಹಸಿ ಬಟ್ಟೆ ಸುತ್ತುವಂತೆ ತೊಟ್ಟಿಗೆ ಹಸಿ ಗೋಣಿಚೀಲ ಸುತ್ತಿದೆ. ಅಲ್ಲಿಗೆ ಮೀನು ಕಾಣುವುದೇ ನಿಂತಿತು. ಬದುಕಿವೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಚೀಲ ಎತ್ತಿ ನೋಡುತ್ತಿದ್ದೆ. ಕಚೇರಿಗೆ ಹೊರಡುವಾಗ ಅವ್ವನಿಗೆ, "ಚೀಲ ಆರಬಾರದು ನೋಡು" ಎಂದು ಮೂರು ಸಲ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಮನಸ್ಸು ತಡೆಯದೆ ಮನೆಗೆ ಓಡಿ ಬಂದೆ. ಅವ್ವ ಕಿಟಕಿಯತ್ತ ಮುಖ ಮಾಡಿ, ತೊಟ್ಟಿಗೆ ಬೆನ್ನು ತಾಗಿಸಿ ಸ್ಟೂಲಿನ ಮೇಲೆ ಕುಳಿತಿದ್ದಳು. ತಂಪಿಗೆಂದು ಒರಗಿದ್ದಾಳೆ ಎಂದುಕೊಂಡು ರೇಗಿದೆ: "ಯವ್ವಾ, ನಿನ್ನ ಮೈಕಾವು ನೀರಿಗಿ ಹತ್ತತದ, ಏಳು ಮೊದಲ!"

ಅವ್ವ ಏಳಲಿಲ್ಲ. ಮುಖ ಕೆಂಡದಂತಾಗಿತ್ತು.

"ಕಿಟಕಿ ಕದ ಕಳಚಿ ಬಿದ್ದದ ಯಪ್ಪಾ. ಝಳ ಸೀದಾ ನಿನ್ನ ಮೀನಿಗಿ ಬಡ್ಯಾಕತ್ತಿತ್ತು. ಅದಕ್ಕ ಅಡ್ಡ ಕುಂತೀನಿ" ಎಂದಳು.