ಹೆಲಿಪ್ಯಾಡಿನ ಮೇಲೆ ಒಂದೇ ಸರದಿ

ಕನ್ನಡಕ ಹಾಕಿದ ಹೆಂಗಸೊಬ್ಬಳು ಹೆಬ್ಬೆರಳೆತ್ತರದ ಹಾರುವ ವೀರನನ್ನು ಎರಡು ಬೆರಳಲ್ಲಿ ಎತ್ತಿ, ಅವನ ಬುಡವನ್ನು ಟಿಕ್ ಎಂದು ತಿರುಗಿಸಿ, "ಥಕ್ ಗಯಾ ಬೇಚಾರಾ" ಎಂದಳು. ಸುಸ್ತಾಯಿತಂತೆ, ಪ್ಲಾಸ್ಟಿಕ್ಕಿಗೆ. ಜೊತೆಗಿದ್ದ ಇಬ್ಬರು ಗಂಡಸರು ಗಂಭೀರವಾಗಿ ತಲೆಯಾಡಿಸಿದರು. ದಾವಣಗೆರೆ ಬಿಟ್ಟು ನಾನು ಕೆಲಸಕ್ಕೆಂದು ಈ ಮರಾಠಿ ಸೀಮೆಗೆ ಬಂದು ಎಂಟು ತಿಂಗಳಾಗಿತ್ತು. ಹೊರಡುವಾಗ ಊರಿನವರು ಕೊಟ್ಟಿದ್ದ ನೂರು ಎಚ್ಚರಿಕೆಗಳಲ್ಲಿ ಇದೊಂದು ಇರಲಿಲ್ಲ.

ನೆರೂಳದ ಒಂದು ಉಡುಪಿ ಹೋಟೆಲಿನ ಮಹಡಿ ಅದು. ಭಾನುವಾರ ಊಟದ ಗಿರಾಕಿಗಳು ಎದ್ದ ಮೇಲೆ, ಸಂಜೆಯ ದೋಸೆ ಶುರುವಾಗುವ ತನಕ ಫ್ಯಾಮಿಲಿ ರೂಮು ಖಾಲಿ. ಹೋಟೆಲಿನವರ ಮಗ ಸುಜಿತ್ ಅಲ್ಲಿ ಎರಡು ಮೇಜು ಜೋಡಿಸಿ, ಚೌಕಗಳಿರುವ ಒಂದು ನಕ್ಷೆ ಹಾಸುತ್ತಿದ್ದ. ಅದರ ಮೇಲೆ ಅತಿಮಾನವರ ಪುಟ್ಟ ಗೊಂಬೆಗಳ ಕಾಳಗ. ಪ್ರತಿ ಗೊಂಬೆಯ ಬುಡದಲ್ಲೊಂದು ಚಕ್ರ, ಚಕ್ರದ ಕಿಂಡಿಯಲ್ಲಿ ಅದರ ಬಲದ ಅಂಕಿಗಳು. ಏಟು ಬಿದ್ದಾಗ ಒಂದು ಟಿಕ್, ಅಂಕಿ ಇಳಿಯುತ್ತದೆ. ಯಾರೂ ಹೊಡೆಯದಿದ್ದರೂ, ಸತತ ಎರಡು ಸರದಿ ದುಡಿಸಿದರೆ ಸುಸ್ತಿಗೆ ಒಂದು ಟಿಕ್.

ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಪಳಗಿಸಿಕೊಂಡವಳು ನಾನು. ಸುಮ್ಮನಿರಲಾಗಲಿಲ್ಲ. "ಕಟ್ಟಡ ಎತ್ತಿ ಎಸೆಯೋನಿಗೆ ಎರಡು ಸಲ ಓಡಾಡಿದರೆ ಆಯಾಸವೇ? ಇದರಲ್ಲಿ ತರ್ಕ ಎಲ್ಲಿದೆ?"

"ಎಂತ ಮಾರಾಯ್ರೆ, ನಿಮಗೆ ಭಾನುವಾರ ರಜೆ ಬೇಕು, ಅವನಿಗೆ ಬೇಡ್ವಾ?" ಎಂದ ಸುಜಿತ್.

ಕನ್ನಡಕದವಳು ಸಾನಿಕಾ, ಡೊಂಬಿವಿಲಿಯ ಮರಾಠಿ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ತಲೆ ಎತ್ತದೆಯೇ ಕೇಳಿದಳು: "ಠಾಕುರ್ಲಿ ಸೇ ಆಯೀ ನಾ? ಖಡೀ ಖಡೀ?" ನನ್ನ ಪೀಜಿ ಇರುವ ಠಾಕುರ್ಲಿಯಿಂದ ನಿಂತುಕೊಂಡೇ ಬಂದೆಯಾ ಎಂದು. ಹೌದು. ಠಾಕುರ್ಲಿಯಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ, ಸ್ಲೋ ಹಿಡಿದು ಠಾಣೆ ಜಂಕ್ಷನ್, ಅಲ್ಲಿ ಇಳಿದು ನೆರೂಳದ ಗಾಡಿ. ನನ್ನ ಮೊಣಕಾಲು ಅವಳ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಆ ನಿಯಮವನ್ನು ಒಪ್ಪಿಕೊಂಡೆ.

ನನ್ನನ್ನು ಅಲ್ಲಿಗೆ ಕರೆತಂದವನು ಕಚೇರಿಯ ರಘು, ಮೈಸೂರಿನವನು. ಇಬ್ಬರಿಗಿಬ್ಬರು ಆಡುವ ಅವರ ಗುಂಪಿನ ನಾಲ್ಕನೆಯವನು ಪುಣೆಗೆ ಹೋಗಿ ಕುರ್ಚಿ ಖಾಲಿಯಿತ್ತು. ಇಲ್ಲಿನ ಲೋಕಲ್ ರೈಲುಗಳಲ್ಲಿ ‘ಚೌಥಿ ಸೀಟ್’ ಎಂಬುದೊಂದಿದೆ. ಮೂವರು ಕೂರುವ ಬೆಂಚಿನ ತುದಿಗೆ ನಾಲ್ಕನೆಯವರು ಅರ್ಧ ಸೊಂಟ ಊರುವ ಜಾಗ. ನಮ್ಮೂರಿನ ಬಸ್ಸಿನಲ್ಲಿ ಕರ್ಚೀಫು ಹಾಕಿದವರದೇ ಸೀಟು. ಇಲ್ಲಿ "ಥೋಡಾ ಸರ್ಕೋ" ಎಂದು ಕೇಳಬೇಕು, ಕೂತವರು ಸರಿಯಬೇಕು. "ಮೂರು ಭಾನುವಾರ ಬನ್ನಿ, ಆಮೇಲೆ ನೋಡುವ" ಎಂದಿದ್ದ ಸುಜಿತ್. ನನಗೆ ಆಟಕ್ಕಿಂತ ಆ ಕುರ್ಚಿ ಬೇಕಿತ್ತು. ಎಂಟು ತಿಂಗಳಲ್ಲಿ ಭಾನುವಾರ ನನ್ನ ಹೆಸರು ಹಿಡಿದು ಕರೆದವರು ಪೀಜಿಯ ಒಡತಿ ಕಾಕು ಒಬ್ಬರೇ, ಅದೂ ನೀರು ಬಂತು ಎಂದು ಹೇಳಲು.

ಎರಡನೆಯ ವಾರಕ್ಕೆ ಉಲ್ಹಾಸನಗರದ ಅಂಗಡಿಯೊಂದರಲ್ಲಿ ನನ್ನದೇ ಒಂದು ಪೆಟ್ಟಿಗೆ ಕೊಂಡೆ. ಒಳಗೆ ಯಾವ ಗೊಂಬೆಗಳಿವೆ ಎಂದು ಒಡೆಯುವ ತನಕ ತಿಳಿಯದು. ಬದನೆಕಾಯಿಯನ್ನೂ ತಿರುಗಿಸಿ ನೋಡದೆ ಕೊಳ್ಳದ ಮನೆಯಿಂದ ಬಂದವಳಿಗೆ ಇದು ಶುದ್ಧ ಮೋಸ ಅನ್ನಿಸಿತು. ಸಿಕ್ಕವರಲ್ಲಿ ಮುಖ್ಯಳಾದವಳು ಬಡಕಲು ಹೆಂಗಸು, ಕಿರುಚಿಯೇ ಶತ್ರುಗಳನ್ನು ಬೀಳಿಸುವವಳು. "ದೇವರು ನೋಡಿಯೇ ಕೊಟ್ಟಿದ್ದಾನೆ" ಎಂದ ರಘು.

ಆ ದಿನ ತಾರಸಿಗಳ ನಕ್ಷೆ. ಇನ್ನೊಂದು ಏಟಿಗೆ ನನ್ನ ಕಿರುಚುವವಳ ಕಥೆ ಮುಗಿಯುವುದಿತ್ತು. ಅವಳನ್ನು ಅಡ್ಡಗೆರೆ ಎಳೆದಿದ್ದ ಒಂದು ಚೌಕಕ್ಕೆ ಸರಿಸಿದೆ. ಸಾನಿಕಾ ದಾಳ ಎತ್ತಿಕೊಂಡಳು.

"ಇಲ್ಲಿ ಹೊಡೆಯೋ ಹಾಗಿಲ್ಲ" ಎಂದೆ.

"ಅಗಂ, ವೋ ಸಿರ್ಫ್ ಚಿತ್ರ್ ಹೈ!" ಬರೀ ಚಿತ್ರ ಕಣೇ, ಹೆಲಿಕಾಪ್ಟರ್ ಇಳಿಯುವ ಗುರುತು.

ನಾನು ಬಿಡುತ್ತೇನೆಯೇ? ಆಟದ ಹಾಸಿನಲ್ಲಿ ಯಾರೂ ಸುಮ್ಮನೆ ಗುರುತು ಹಾಕುವುದಿಲ್ಲ. ಹಾಕಿದ ಮೇಲೆ ಅದಕ್ಕೆ ಅರ್ಥವಿಲ್ಲ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ನಿಯಮದ ಪುಸ್ತಕ ಪುಣೆಯವನ ಬಳಿ ಉಳಿದಿತ್ತು. ಸಾನಿಕಾ ಎರಡು ಸಲ "ಐಕ್ ತರೀ" ಎಂದಳು, ಕೇಳಾದರೂ ಕೇಳು ಎಂದು. ನಾನು ಮೂರನೆಯ ವಾದಕ್ಕೆ ಹೋಗಿದ್ದೆ. "ಆಯ್ತು ಮಾರಾಯ್ರೆ, ದೋಸೆ ಟೈಮಾಯ್ತು" ಎಂದು ಸುಜಿತ್ ಕೈಮುಗಿದ. ನಾನು ಮತ್ತು ರಘು ಗೆದ್ದೆವು. ಸಾನಿಕಾ ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿಟ್ಟು, ಯಾರಿಗೂ ಕಾಯದೆ ಮೆಟ್ಟಿಲಿಳಿದಳು.

ಬುಧವಾರ ಕಚೇರಿಯಲ್ಲಿ ನಿಯಮಗಳನ್ನು ಹುಡುಕಿ ಒಂದು ಪುಟ ಮುದ್ರಿಸಿಕೊಂಡೆ, ಅವಳ ಬಾಯಿ ಪೂರ್ತಿ ಮುಚ್ಚಿಸಲೆಂದು. ಓದಿದರೆ ತಪ್ಪು ನನ್ನದು. ಆ ಆಟದಲ್ಲಿ ಹೊಡೆಯಬಾರದ ಮನೆ ಎಂಬುದೇ ಇಲ್ಲ. ಹಾಗಾದರೆ ನನಗೆ ಅಷ್ಟು ಖಾತ್ರಿ ಬಂದದ್ದು ಎಲ್ಲಿಂದ? ನಮ್ಮ ಮನೆಯ ನಡುಕೋಣೆಯಿಂದ. ಅಜ್ಜಿ ಸೀಮೆಸುಣ್ಣದಲ್ಲಿ ಬರೆಯುವ ಚೌಕಾಬಾರದ ಮನೆಗಳಿಂದ. ಅಡ್ಡಗೆರೆ ಕಂಡರೆ ಕಟ್ಟೆ, ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಎಲ್ಲವನ್ನೂ ಪ್ರಶ್ನಿಸುವವಳು ಎಂಬ ಹೆಮ್ಮೆ ಹೊತ್ತು ತಿರುಗುತ್ತಿದ್ದ ನಾನು ಆ ಒಂದನ್ನು ಪ್ರಶ್ನಿಸಿಯೇ ಇರಲಿಲ್ಲ.

ಪುಟವನ್ನು ಹರಿದು ಬಿಸಾಡಬಹುದಿತ್ತು. ಮೂರನೆಯ ಭಾನುವಾರವೇ ತೀರ್ಮಾನದ ದಿನ, ವಾದ ಮಾಡಿ ದಾರಿ ತಪ್ಪಿಸುವವಳನ್ನು ಯಾರು ಕೂರಿಸಿಕೊಳ್ಳುತ್ತಾರೆ? ಠಾಣೆಯ ತನಕ ಬ್ಯಾಗಿನೊಳಗೆ ಅದನ್ನು ಮಡಚಿ ಮಡಚಿ ಬಸ್ ಟಿಕೆಟ್ಟಿನಷ್ಟು ಮಾಡಿದ್ದೆ.

ಮೇಜಿನ ಮೇಲೆ ಬಿಡಿಸಿಟ್ಟು, "ಗಲತ್ ಥೀ ಮೈ" ಎಂದೆ. ನನ್ನದು ತಪ್ಪು. ಚರ್ಚಾಸ್ಪರ್ಧೆಯಲ್ಲಿ ಯಾರೂ ಕಲಿಸದ ವಾಕ್ಯ.

ಸಾನಿಕಾ ಪುಟ ನೋಡಿದಳು. ತನ್ನ ಚೀಲದಿಂದ ಇನ್ನೊಂದು ಹಾಳೆ ತೆಗೆದು ಅದರ ಪಕ್ಕದಲ್ಲಿಟ್ಟಳು. ಅದೇ ಪುಟ, ಬ್ಯಾಂಕಿನ ಪ್ರಿಂಟರಿನಲ್ಲಿ ತೆಗೆದದ್ದು.

"ಎರಡು ಕಚೇರಿಯ ಕಾಗದ ಹಾಳು" ಎಂದ ರಘು. ಅವಳು ನಗತೊಡಗಿದ ಮೇಲೆ ನಾನೂ ನಕ್ಕೆ. ಕಟ್ಟೆಯ ಕಥೆ ಹೇಳಿದೆ. ಸುಜಿತನೂ ರಜೆಗೆ ಊರಿಗೆ ಹೋದಾಗ ಆ ಆಟ ಆಡಿದವನೇ. ಸಾನಿಕಾ ತುಸು ಯೋಚಿಸಿ ತೀರ್ಪು ಕೊಟ್ಟಳು: ತಾರಸಿಯ ನಕ್ಷೆಯಲ್ಲಿ ಮಾತ್ರ ಹೆಲಿಪ್ಯಾಡು ಕಟ್ಟೆಯಾಗಿರಲಿ. ಆದರೆ "ಏಕ್ ಹೀ ಟರ್ನ್". ಒಂದೇ ಸರದಿ ನಿಲ್ಲಬಹುದು, ಆಮೇಲೆ ಎದ್ದು ಹೊರಡಲೇಬೇಕು.

ಹಿಂದಿನ ಎರಡು ವಾರ ಸುಜಿತ್ "ನಿಮಗೆ ಎಂತ ತರಲಿ?" ಎಂದು ಗಿರಾಕಿಯನ್ನು ಕೇಳುವಂತೆ ಕೇಳಿದ್ದ. ಅವತ್ತು ಕೇಳಲಿಲ್ಲ. ಕೆಳಗಿನಿಂದ ನಾಲ್ಕು ಕಾಫಿ ಬಂತು.

ದೀಪಾವಳಿಗೆ ಊರಿಗೆ ಹೋದೆ. ಅಜ್ಜಿ ಚೌಕ ಬರೆದರು, ಕವಡೆ ಬಿಟ್ಟೆವು. ನನ್ನ ಕಾಯಿ ಕಟ್ಟೆಗೆ ಬಂತು. ಮುಂದಿನ ಸರದಿಗೆ, ನಡೆಸಲು ಬೇರೆ ಕಾಯಿಗಳಿದ್ದರೂ, ಕೈ ತಾನಾಗಿ ಅದನ್ನೇ ಎತ್ತಿ ಮುಂದಿಟ್ಟಿತು.

"ಯಾಕೇ, ಕಟ್ಟೇಲಿ ನೆಮ್ಮದಿಯಾಗಿ ಕುಂತಿತ್ತಲ್ಲ, ಯಾರು ಎಬ್ಬಿಸಿದ್ರು ಅದನ್ನ?" ಎಂದರು ಅಜ್ಜಿ.

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಬೇಕಾದರೆ ನೆರೂಳ, ಸಾನಿಕಾ, ಹೆಲಿಪ್ಯಾಡು, ಎಲ್ಲವನ್ನೂ ಹೇಳಬೇಕು. ಮರುದಿನ ಬೆಳಿಗ್ಗೆ ನನ್ನ ರೈಲು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕವಡೆ ಬಿಟ್ಟು, ಎಣಿಸಿ, ನನ್ನ ಕಾಯಿಯನ್ನು ಹೊಡೆದು, ಮೊದಲಿನಿಂದ ಶುರು ಮಾಡು ಎಂದು ಕೈಗೆ ಕೊಟ್ಟರು.