ನಾಲ್ಕು ದಿನದ ಆಸ್ಪತ್ರೆ

ಸರ್ಬಿಯಾದ ಸೂವಿ ಬ್ರೆಸ್ತ್ ಹಳ್ಳಿಯ ಆಸ್ಪತ್ರೆಯಲ್ಲಿ ವಿದೋಸಾವಾ ಇಪ್ಪತ್ತೊಂಬತ್ತು ವರ್ಷ ನರ್ಸ್ ಆಗಿದ್ದಳು. ಹಿಮ ಬಿದ್ದು ದಾರಿ ಮುಚ್ಚಿದಾಗ ಟ್ರ್ಯಾಕ್ಟರ್ ಹತ್ತಿ ಹೋಗಿ ಹೆರಿಗೆ ಮಾಡಿಸಿದವಳು. ರೋಗಿಗಳ ಸಂಖ್ಯೆ ಸಾಲದು ಎಂದು ಪುರಸಭೆಯವರು ಆಸ್ಪತ್ರೆಗೆ ಬೀಗ ಜಡಿದ ದಿನ ಬಾಯಿಗೆ ಬಂದಂತೆ ಬೈದಿದ್ದಳು. ಆಮೇಲೆ ಎರಡು ವರ್ಷ ಯಾರೂ ಆ ಕಟ್ಟಡದತ್ತ ತಿರುಗಿ ನೋಡಲಿಲ್ಲ.

ಕೊನೆಗೆ ನೋಡಿದವರು ಟಿವಿಯವರು. ಸರ್ಬಿಯಾಕ್ಕೆ ಸರ್ಬಿಯಾವೇ ಭಾನುವಾರ ಸಂಜೆ ಕೆಲಸ ಬಿಟ್ಟು ಕೂತು ನೋಡುವ ಹಾಸ್ಯ ಧಾರಾವಾಹಿ ಅವರದು. ಅದರಲ್ಲೊಬ್ಬ ಪೆದ್ದ ಮಂತ್ರಿ, ಹೋದಲ್ಲೆಲ್ಲ ಎಡವಟ್ಟು. ಈ ಸಲ ಅವನು ಡಾಕ್ಟರೇ ಇಲ್ಲದ ಆಸ್ಪತ್ರೆಯನ್ನು ಉದ್ಘಾಟಿಸಬೇಕಿತ್ತು. ನಾಲ್ಕೇ ದಿನದಲ್ಲಿ ಗೋಡೆಗೆ ಬಣ್ಣ, ಕಿಟಕಿಗೆ ಗಾಜು, ಬಾಗಿಲ ಮೇಲೆ ‘ಆಸ್ಪತ್ರೆ’ ಎಂಬ ಹೊಸ ಬೋರ್ಡು ಬಂದವು. ವಿದೋಸಾವಾ ಬೇಲಿಯಾಚೆ ನಿಂತು ಹಲ್ಲು ಕಡಿದಳು.

ಚಿತ್ರೀಕರಣದ ದಿನ ಊರಿನವರನ್ನೇ ರೋಗಿಗಳ ವೇಷದಲ್ಲಿ ಬೆಂಚಿನ ಮೇಲೆ ಕೂರಿಸಿದ್ದರು. ಸಾಲಿನ ಕೊನೆಯಲ್ಲಿ ಮೇಲಿನ ಕೇರಿಯ ಮುದುಕ ರಾದಿಶಾ. ಅವನ ತುಟಿ ನೀಲಿಗಟ್ಟಿದ್ದನ್ನು ಕಂಡು ವಿದೋಸಾವಾ ಬೇಲಿ ದಾಟಿ ಬಂದಳು.

"ರಾದಿಶಣ್ಣಾ, ನೀನ್ಯಾಕೆ ಇಲ್ಲಿ?"

"ಎದೆ ಹಿಡ್ಕೊಂಡಿದೆ ವಿದಾ. ಬೋರ್ಡ್ ನೋಡಿ ನಡ್ಕೊಂಡ್ ಬಂದೆ. ಒಂದ್ ಗಂಟೆ ಆಯ್ತು, ಕರೀಲೇ ಇಲ್ಲ. ಆ ಟಿವಿ ಹುಡುಗಿ ‘ತಾತ, ಸಖತ್ತಾಗಿ ಮಾಡ್ತಿದ್ದೀರ’ ಅಂತಾಳೆ. ನಾನೇನ್ ಮಾಡ್ದೆ?"

ವಿದೋಸಾವಾ ಒಳಗೆ ಓಡಿದಳು. ಬೀರುವಿನಲ್ಲಿ ಬರೀ ಖಾಲಿ ಡಬ್ಬಿ. ಮೇಜಿನ ಮೇಲಿದ್ದ ಯಂತ್ರ ರಟ್ಟಿನದು. ಹೊರಬಂದು ಕ್ಯಾಮೆರಾದ ಎದುರೇ ನಿಂತು ಕೂಗಿದಳು: "ನಿಲ್ಸ್ರೋ ನಿಮ್ಮಾಟಾನ! ವ್ಯಾನ್ ತನ್ನಿ!"

ಟಿವಿಯವರ ವ್ಯಾನಿನಲ್ಲೇ ಮುದುಕನನ್ನು ಪಟ್ಟಣಕ್ಕೆ ಒಯ್ದರು. ದಾರಿಯುದ್ದಕ್ಕೂ ಅವಳು ಅವನ ಮಣಿಕಟ್ಟು ಬಿಡಲಿಲ್ಲ. ಜೀವ ಉಳಿಯಿತು.

ವಾಪಸು ಬಂದಾಗ ಅಂಗಳದಲ್ಲಿ ಇಡೀ ಕುರಿ ಸುಡುತ್ತಿದ್ದರು. ಪುರಸಭೆ ಅಧ್ಯಕ್ಷ ಸ್ಲಾವೊಲ್ಯುಬ್ ಸುಳ್ಳು ಮಂತ್ರಿಯ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದ.

"ಬನ್ನಿ ಸಿಸ್ಟರೇ, ಒಂದು ಗುಟುಕು ರಾಕಿಯಾ ಏರಿಸಿ. ಸ್ವಲ್ಪ ನಗೋದು ಕಲೀರಿ. ನಿಮ್ಮೂರು ಟಿವೀಲಿ ಬರುತ್ತೆ!"

"ಇವ್ರು ಪೆದ್ದನ ವೇಷ ಹಾಕ್ತಾರೆ, ಸಂಜೆ ಕಳಚಿಡ್ತಾರೆ. ನೀವ್ಯಾವಾಗ ಕಳಚ್ತೀರಿ ಅಧ್ಯಕ್ಷರೇ? ನಾಟಕಕ್ಕೆ ನಾಲ್ಕು ದಿನದಲ್ಲಿ ಸಿಕ್ಕ ಆಸ್ಪತ್ರೆ ನಮಗೆ ಎರಡು ವರ್ಷದಲ್ಲಿ ಯಾಕೆ ಸಿಗ್ಲಿಲ್ಲ?"

ಅಧ್ಯಕ್ಷ ಕರೆ ಬಂದವನಂತೆ ಫೋನ್ ಕಿವಿಗಿಟ್ಟುಕೊಂಡು ಕಾರು ಹತ್ತಿದ.

ಟಿವಿಯವರು ಹೋದ ಮರುದಿನವೇ ಮತ್ತೆ ಬೀಗ ಬಿತ್ತು. ಮಂಗಳವಾರ ವಿದೋಸಾವಾ ಕೊಡಲಿಯಿಂದ ಅದನ್ನು ಒಡೆದು, ಹಳೆಯ ಬಿಳಿ ಕೋಟು ತೊಟ್ಟು, ಮನೆಯಿಂದ ತಂದ ಬಿಪಿ ಯಂತ್ರ ಇಟ್ಟುಕೊಂಡು ಕೂತಳು. ಮಧ್ಯಾಹ್ನದೊಳಗೆ ಹನ್ನೊಂದು ಜನ ಬಂದರು. ಹನ್ನೆರಡನೆಯವನು ಪೊಲೀಸ್.

"ವಿದಕ್ಕ, ಬೀಗ ಒಡೆಯೋದು ಅಪರಾಧ."

"ಬರ್ಕೋ. ಬರ್ಕೊಂಡಾದ್ಮೇಲೆ ನಿಮ್ಮಮ್ಮನ್ನ ಕರ್ಕೊಂಡ್ ಬಾ. ಮಾತ್ರೆ ಸರಿಯಾಗಿ ತಗೊಳ್ತಿಲ್ಲ ಅವಳು."

ಅವನು ಬರೆದುಕೊಂಡ. ಬುಧವಾರ ಅಮ್ಮನನ್ನೂ ಕರೆತಂದ.

ಐದು ವಾರ ಹೀಗೇ ನಡೆದ ಮೇಲೆ, ಪ್ರತಿ ಗುರುವಾರ ಒಬ್ಬ ಡಾಕ್ಟರನ್ನು ಕಳಿಸಲು ಪುರಸಭೆ ಒಪ್ಪಿತು. ಅದು ತನ್ನದೇ ಶ್ರಮದ ಫಲವೆಂದು ಅಧ್ಯಕ್ಷ ಪತ್ರಿಕೆಗೆ ಹೇಳಿದ. ಓದಿದ ವಿದೋಸಾವಾ ಆ ಹಾಳೆಯನ್ನು ಒಲೆಗೆ ತುರುಕಿದಳು.

ಆ ಕಂತು ಪ್ರಸಾರವಾದ ಸಂಜೆ ಊರಿನ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂತ್ರಿ ರಿಬ್ಬನ್ನಿಗೆ ಕಾಲು ತೊಡರಿಸಿಕೊಂಡು ಬಿದ್ದ. ಹಿಂದೆ ಬೆಂಚಿನ ಮೇಲೆ ರಾದಿಶಾ ಎದೆ ಹಿಡಿದು ಕೂತಿದ್ದ. ಟಿವಿಯವರು ಅದನ್ನು ಕತ್ತರಿಸಿರಲೇ ಇಲ್ಲ. ಜನ ಬಿದ್ದು ಬಿದ್ದು ನಕ್ಕರು. ವಿದೋಸಾವಾ ಎದ್ದು ಟಿವಿಯ ವೈರು ಕಿತ್ತಳು.

"ಏನಕ್ಕಾ ನೀನು!" ಎಂದರು ಯಾರೋ.

"ಅವನು ಸಾಯ್ತಿದ್ದ ಕಣ್ರೋ," ಎಂದಳು.

ಯಾರೂ ವೈರು ಮತ್ತೆ ಸಿಕ್ಕಿಸಲಿಲ್ಲ. ಡಾಕ್ಟರ್ ಗುರುವಾರ ಮಾತ್ರ ಬಂದರೆ ಶುಕ್ರವಾರ ಕಾಯಿಲೆ ಬಿದ್ದವರು ಏನು ಮಾಡಬೇಕು ಎಂದು ಕೇಳಿ ಅವಳು ಈಗಲೂ ತಿಂಗಳಿಗೊಂದು ಕಾಗದ ಪುರಸಭೆಗೆ ಹಾಕುತ್ತಾಳೆ.